ಪಿಕಾಸೊ ಅವರೇ, ನಿಮಗೆ ಗೊತ್ತಿತ್ತು

ಮಾನ್ಯ ಪಾಬ್ಲೊ ಪಿಕಾಸೊ ಅವರೇ,

1920ರಲ್ಲಿ ಪ್ಯಾರಿಸ್ಸಿನ ‘ಆಕ್ಸಿಯೋಂ’ ಪತ್ರಿಕೆಯವರು ಕಲಾವಿದರಿಗೂ ಬರಹಗಾರರಿಗೂ ಒಂದು ಪ್ರಶ್ನೆ ಹಾಕಿದ್ದರು: ನೀಗ್ರೋ ಕಲೆಯ ಬಗ್ಗೆ ನಿಮ್ಮ ಅಭಿಪ್ರಾಯವೇನು? ಆಫ್ರಿಕಾದ ಮುಖವಾಡಗಳನ್ನೂ ಪೆಸಿಫಿಕ್ ದ್ವೀಪಗಳ ಕೆತ್ತನೆಗಳನ್ನೂ ಆಗ ಪ್ಯಾರಿಸ್ಸಿನಲ್ಲಿ ಆ ಒಂದೇ ಹೆಸರಿನಡಿ ತುರುಕುತ್ತಿದ್ದರು. ಅಂಥದ್ದೊಂದು ಇರುವುದೇ ನನಗೆ ಗೊತ್ತಿಲ್ಲ ಎಂದು ನೀವು ಒಂದೇ ಮಾತಿನಲ್ಲಿ ಕೈತೊಳೆದುಕೊಂಡಿರಿ. ಈ ಪತ್ರ ಬರೆಯುತ್ತಿರುವುದು ಆ ಉತ್ತರದ ಬಗ್ಗೆ. ನೀವು ತೀರಿಕೊಂಡು ಅರ್ಧ ಶತಮಾನ ಕಳೆದಿದೆ, ಇದನ್ನು ಓದುವವರು ನೀವಲ್ಲ ಎಂದು ಬಲ್ಲೆ. ಆದರೆ ನಿಮ್ಮ ಆ ಉತ್ತರ ತೀರಿಕೊಂಡಿಲ್ಲ. ಇಪ್ಪತ್ತನೆಯ ಶತಮಾನದ ಕಲೆಯ ಕಥೆ ಹೇಳುವವರು ಇಂದಿಗೂ ನಿಮ್ಮ ಹೆಸರಿನಿಂದ ಶುರುಮಾಡಿ ಬ್ರಾಕ್, ಮಾತೀಸ್, ಮೊದಿಲ್ಯಾನಿ, ಬ್ರಾಂಕೂಸಿ, ಜಾಕೊಮೆಟ್ಟಿ ಎಂದು ಹೆಸರು ಹಿಡಿದು ಹೇಳುತ್ತಾ ಹೋಗುತ್ತಾರೆ. ಆಫ್ರಿಕಾದ ವಿಷಯ ಬಂದಾಗ ಮಾತ್ರ ಅವರ ಬಾಯಲ್ಲಿ ಬರುವುದು ‘ಪ್ರಭಾವ’ ಎಂಬ ಒಂದೇ ಮಾತು. ಆ ಪ್ರಭಾವಕ್ಕೆ ಊರಿಲ್ಲ, ಕಾಲವಿಲ್ಲ, ಕೆತ್ತಿದ ಕೈಯಿಲ್ಲ.

ನಿಮ್ಮನ್ನು ಕಳ್ಳ ಎನ್ನುವುದು ನನ್ನ ಉದ್ದೇಶವಲ್ಲ. ಇನ್ನೊಬ್ಬರು ಮಾಡಿದ್ದನ್ನು ಕಣ್ಣಿಟ್ಟು ನೋಡಿ ಕಲಿಯದೆ ಯಾವ ಕಲೆಯೂ ಬೆಳೆದಿಲ್ಲ. ನೀವು ನೋಡಿದ ರೀತಿಯಂತೂ ಅಸಾಧಾರಣವಾದದ್ದು. ನಿಮ್ಮ ಸುತ್ತಲಿನ ಪಂಡಿತರಿಗೆ ಕುತೂಹಲದ ವಸ್ತು ಮಾತ್ರ ಕಂಡ ಕಡೆ ನಿಮಗೆ ಕಲೆ ಕಂಡಿತು. ಅದಕ್ಕೇ ಆ ಉತ್ತರ ನನ್ನನ್ನು ಇಷ್ಟು ನೋಯಿಸುತ್ತದೆ. ಕಾಣದವನು ಗೊತ್ತಿಲ್ಲ ಎಂದರೆ ಸರಿ ಎನ್ನಬಹುದು. ಕಂಡವರು ಹಾಗೆನ್ನಬಾರದಿತ್ತು.

ನಿಮಗೆ ಗೊತ್ತಿತ್ತು. 1906ರಲ್ಲಿ ಮಾತೀಸ್ ರೆನ್ ಬೀದಿಯ ಅಂಗಡಿಯೊಂದರಲ್ಲಿ ಕಾಂಗೊದ ವಿಲಿ ಜನರ ಒಂದು ಗೊಂಬೆ ಕೊಂಡರು. ಸುಮಾರು ಒಂದು ಗೇಣು ಎತ್ತರದ ಮರದ ಗೊಂಬೆ ಅದು. ಅದನ್ನು ನಿಮಗೆ ತೋರಿಸಿದ್ದು ಲೇಖಕಿ ಗರ್ಟ್ರೂಡ್ ಸ್ಟೈನ್ ಮನೆಯಲ್ಲಿ ಎಂದು ಮಾತೀಸರೇ ಹೇಳಿದ್ದಾರೆ. ಆ ಸಂಜೆಯೆಲ್ಲ ನೀವು ಅದನ್ನು ಕೈಯಿಂದ ಕೆಳಗಿಡಲಿಲ್ಲ ಎಂದು ನಿಮ್ಮ ಗೆಳೆಯ ಮ್ಯಾಕ್ಸ್ ಜಾಕೊಬ್ ನೆನೆಯುತ್ತಾರೆ. ಅದೇ ಕಾಲದಲ್ಲಿ ಚಿತ್ರಕಾರ ವ್ಲಾಮಿಂಕ್ ಬಳಿಯಿದ್ದ ಗ್ಯಾಬೊನಿನ ಫಾಂಗ್ ಮುಖವಾಡವನ್ನು ಇನ್ನೊಬ್ಬ ಚಿತ್ರಕಾರ ಡೆರೈನ್ ಕೊಂಡು ತಮ್ಮ ಸ್ಟುಡಿಯೋದ ಗೋಡೆಗೆ ತೂಗುಹಾಕಿದರು. ನೀವೂ ಮಾತೀಸರೂ ಅದನ್ನು ಕಂಡು ಬೆರಗಾದಿರಿ. 1907ರಲ್ಲಿ ಟ್ರೊಕಾಡೆರೊದ ಜನಾಂಗ ಅಧ್ಯಯನದ ಮ್ಯೂಸಿಯಮ್ಮಿಗೆ ಹೋದಿರಿ. ಅಲ್ಲಿ ನಾತ ಬಡಿಯುತ್ತಿತ್ತು, ಹೊರಟುಬಿಡೋಣ ಎನಿಸಿತು, ಆದರೂ ಉಳಿದೆ ಎಂದು ಬಹಳ ವರ್ಷಗಳ ನಂತರ ಲೇಖಕ ಆಂದ್ರೆ ಮಾಲ್ರೋ ಅವರಿಗೆ ಹೇಳಿದಿರಿ. ‘ಆವಿನ್ಯೋದ ತರುಣಿಯರು’ ಎಂಬ ನಿಮ್ಮ ಚಿತ್ರ ನಿಮ್ಮೊಳಗೆ ಬಂದದ್ದು ಆ ದಿನವೇ ಇರಬೇಕು ಎಂದೂ ಹೇಳಿದಿರಿ. ಆಮೇಲೆ ವಿಮರ್ಶಕ ಕ್ರಿಸ್ಟಿಯಾನ್ ಜೆರ್ವೋಸ್ ಅವರ ಮುಂದೆ ಇದನ್ನೆಲ್ಲ ತಿರುವಿಹಾಕಿದಿರಿ. ಆ ಚಿತ್ರದ ಮೂಲ ಆಫ್ರಿಕಾ ಅಲ್ಲ, ಸ್ಪೇನಿನ ಪ್ರಾಚೀನ ಐಬೀರಿಯನ್ ಶಿಲ್ಪ. ಆಫ್ರಿಕಾದ ಕಲೆಯನ್ನು ಕಂಡದ್ದು ಆಮೇಲೆ ಎಂದಿರಿ.

ಐಬೀರಿಯನ್ ಶಿಲ್ಪದ ಮಾತು ನೀವೇ ಎತ್ತಿದ್ದರಿಂದ ಅಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಿಮ್ಮ ಚಿತ್ರದ ನಡುವಿನ ಇಬ್ಬರು ಹೆಂಗಸರ ಮುಖಕ್ಕೂ ದೊಡ್ಡ ಕಿವಿಗಳಿಗೂ ಆ ಶಿಲ್ಪಗಳು ಮೂಲ, ನಿಜ. ಅಂಥ ಎರಡು ಕಲ್ಲಿನ ತಲೆಗಳು ನಿಮ್ಮ ಮನೆಯಲ್ಲೇ ಇದ್ದವು. ನಿಮ್ಮ ಗೆಳೆಯ, ಕವಿ ಅಪೊಲಿನೇರ್ ಅವರ ಕೈಕೆಳಗೆ ಕೆಲಸಮಾಡಿದ ಗೆರಿ ಪಿಯೆರೆ ಎಂಬುವನು 1907ರಲ್ಲಿ ಲೂವ್ರ್ ಮ್ಯೂಸಿಯಮ್ಮಿನಿಂದ ಕದ್ದು ನಿಮಗೆ ಮಾರಿದ್ದ ತಲೆಗಳವು. 1911ರ ಆಗಸ್ಟಿನಲ್ಲಿ ಮೋನಾಲಿಸಾ ಕಳುವಾಗಿ ಪ್ಯಾರಿಸ್ಸಿನ ಪೊಲೀಸರು ಊರೆಲ್ಲ ಜಾಲಾಡತೊಡಗಿದಾಗ ನೀವೂ ಅಪೊಲಿನೇರ್ ಅವರೂ ನಡುಗಿಹೋದಿರಿ. ರಾತ್ರಿ ಆ ತಲೆಗಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಸೀನ್ ನದಿಗೆ ಎಸೆಯಲು ಹೊರಟು, ಧೈರ್ಯ ಸಾಲದೆ ಮರಳಿದಿರಿ ಎಂದು ನಿಮ್ಮ ಆಗಿನ ಸಂಗಾತಿ ಫರ್ನಾಂದ್ ಒಲಿವಿಯೆ ಬರೆದಿದ್ದಾರೆ. ಕೊನೆಗೆ ಪತ್ರಿಕಾ ಕಚೇರಿಯೊಂದರ ಮೂಲಕ ತಲೆಗಳು ಲೂವ್ರ್ ಸೇರಿದವು. ಅಪೊಲಿನೇರ್ ಕೆಲವು ದಿನ ಜೈಲಿನಲ್ಲಿದ್ದರು. ನ್ಯಾಯಾಧೀಶರ ಮುಂದೆ ಅವರನ್ನು ನಿಲ್ಲಿಸಿದಾಗ ಈ ಮನುಷ್ಯನ ಪರಿಚಯವೇ ನನಗಿಲ್ಲ ಎಂದಿರಂತೆ ನೀವು.

ಎರಡು ಕಲ್ಲಿನ ತಲೆಗಳು ಲೂವ್ರ್ ಮ್ಯೂಸಿಯಮ್ಮಿನಿಂದ ಹೋದರೆ ಅದು ಕಳ್ಳತನ. ಪೊಲೀಸರು, ಜೈಲು, ಪತ್ರಿಕೆಗಳಲ್ಲಿ ಸುದ್ದಿ, ಐದು ವರ್ಷದೊಳಗೆ ವಾಪಸಾತಿ. ನೀವು ನೋಡಿದ ಟ್ರೊಕಾಡೆರೊದ ಕಪಾಟುಗಳು ತುಂಬಿದ್ದು ಹೇಗೆ ಎಂದು ಮಾತ್ರ ಆ ನಗರದಲ್ಲಿ ಯಾವ ನ್ಯಾಯಾಧೀಶರೂ ಕೇಳಲಿಲ್ಲ. 1892ರಲ್ಲಿ ಜನರಲ್ ಡಾಡ್ಸ್ ನೇತೃತ್ವದ ಫ್ರೆಂಚ್ ಸೇನೆ ಇಂದಿನ ಬೆನಿನ್ ದೇಶದಲ್ಲಿದ್ದ ದಹೋಮಿ ರಾಜ್ಯದ ರಾಜಧಾನಿ ಅಬೊಮೆಗೆ ನುಗ್ಗಿತು. ಅರಮನೆಯ ಸಿಂಹಾಸನಗಳು, ಕೆತ್ತಿದ ಬಾಗಿಲುಗಳು, ಅರ್ಧ ಮನುಷ್ಯ ಅರ್ಧ ಪ್ರಾಣಿಯಾಗಿ ರಾಜರನ್ನು ತೋರುವ ದೊಡ್ಡ ಪ್ರತಿಮೆಗಳು ಲೂಟಿಯಾಗಿ ಡಾಡ್ಸ್ ಅವರ ‘ಕೊಡುಗೆ’ಯಾಗಿ ಟ್ರೊಕಾಡೆರೊ ಸೇರಿದವು. ನೀವು ಆ ಕಟ್ಟಡದೊಳಗೆ ಕಾಲಿಟ್ಟಾಗ ಅವು ಅಲ್ಲಿಗೆ ಬಂದು ಹದಿನೈದು ವರ್ಷವೂ ಆಗಿರಲಿಲ್ಲ. ನಿಮಗೆ ಬಡಿದ ಆ ನಾತವನ್ನು ಹಳೆಯ ಕಾಡುಲೋಕದ ವಾಸನೆ ಎಂಬಂತೆ ವರ್ಣಿಸಿದವರು ಬಹಳ. ನನಗೆ ಅದರಲ್ಲಿ ಇನ್ನೂ ಆರದ ಯುದ್ಧದ ವಾಸನೆಯೇ ಬರುತ್ತದೆ.

ಅದೇ ಮ್ಯೂಸಿಯಮ್ಮಿನಲ್ಲಿ ಆಗ ಗೂ ದೇವರ ಪ್ರತಿಮೆಯೂ ಇತ್ತು. ಗೂ ಎಂದರೆ ದಹೋಮಿಯ ಫೋನ್ ಜನರಿಗೆ ಕಬ್ಬಿಣದ ದೇವರು, ಯುದ್ಧದ ದೇವರು. ಆಳೆತ್ತರದ ಮೂರ್ತಿ, ಪೂರ್ತಿ ಕಬ್ಬಿಣ. ಎರಕ ಹೊಯ್ದದ್ದಲ್ಲ. ತಗಡನ್ನು ಬಗ್ಗಿಸಿ ಮೈಮೇಲಿನ ಅಂಗಿ ಮಾಡಿದ್ದಾರೆ, ಸರಳನ್ನು ಕಾಯಿಸಿ ಬಡಿದು ತೋಳು ಮಾಡಿದ್ದಾರೆ, ತುಂಡಿಗೆ ತುಂಡು ಜೋಡಿಸಿ ದೇವರನ್ನು ನಿಲ್ಲಿಸಿದ್ದಾರೆ. ತಲೆಯ ಮೇಲೊಂದು ಕಿರೀಟ. ಅದರ ತುಂಬ ಪುಟ್ಟ ಪುಟ್ಟ ಆಯುಧಗಳು, ಕೊಕ್ಕೆಗಳು, ಹೊಲದ ಸಲಕರಣೆಗಳು ನಿಂತಿವೆ. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಅಬೊಮೆಯ ರಾಜರಿಗಾಗಿ ಇದನ್ನು ಮಾಡಿದವನ ಹೆಸರು ಅಕಾಟಿ ಎಕ್‌ಪ್ಲೆಕೆಂಡೊ. ಅವನು ಕಮ್ಮಾರ. 1894ರಲ್ಲಿ ಫ್ರೆಂಚ್ ಕ್ಯಾಪ್ಟನ್ ಒಬ್ಬ ಕರಾವಳಿಯ ವೀದಾದಿಂದ ಪ್ರತಿಮೆಯನ್ನು ಸಾಗಿಸಿದ. ನಿಮ್ಮ ಅಪೊಲಿನೇರ್ ಅದನ್ನು ಕಂಡು ಮೆಚ್ಚಿ ಬರೆದರು. 1928ರ ಹೊತ್ತಿಗೆ ನೀವು ಶಿಲ್ಪಿ ಹೂಲಿಯೊ ಗೊನ್ಸಾಲೆಸ್ ಜೊತೆ ಸೇರಿ ಕಬ್ಬಿಣದ ತುಂಡುಗಳನ್ನು ಬೆಸೆದು ಶಿಲ್ಪ ಮಾಡತೊಡಗಿದಿರಿ. ಲೋಹವನ್ನು ಹೀಗೆ ಜೋಡಿಸಿ ಕಟ್ಟುವ ಶಿಲ್ಪ ಅಲ್ಲಿಂದ ಶುರುವಾಯಿತು ಎಂದು ಪುಸ್ತಕಗಳು ಬರೆದವು. ಗೂ ಪ್ರತಿಮೆಯನ್ನು ನೋಡಿಯೇ ನೀವು ಅದನ್ನು ಮಾಡಿದಿರಿ ಎಂದು ನಾನು ಹೇಳುತ್ತಿಲ್ಲ. ನಿಮ್ಮದಕ್ಕೆ ಸುಮಾರು ಎಪ್ಪತ್ತು ವರ್ಷ ಮೊದಲು ಅದನ್ನು ಮಾಡಿ ಮುಗಿಸಿದ ಕಮ್ಮಾರನ ಕೆಲಸ ನಿಮ್ಮದೇ ಊರಿನಲ್ಲಿ ನಿಂತಿದ್ದಾಗ ಆ ಕಥೆ ನಿಮ್ಮಿಂದ ಶುರುವಾದದ್ದು ಹೇಗೆ ಎಂಬುದಷ್ಟೇ ನನ್ನ ಪ್ರಶ್ನೆ.

ಮುಖವಾಡಗಳು ಮಂತ್ರದ ವಸ್ತುಗಳು, ದುಷ್ಟಶಕ್ತಿಗಳ ಎದುರು ಮನುಷ್ಯ ಹಿಡಿದ ಆಯುಧಗಳು ಎಂದು ಮಾಲ್ರೋ ಅವರಿಗೆ ಹೇಳಿದಿರಿ. ನಿಮ್ಮ ಮಾತಿನಲ್ಲಿ ಗೌರವವಿದೆ, ಒಪ್ಪುತ್ತೇನೆ. ಆದರೆ ಅದರಿಂದ ಒಂದು ಅನ್ಯಾಯವೂ ಆಯಿತು. ಮಂತ್ರ ಎಂದ ಕೂಡಲೇ ಕೆತ್ತಿದವನ ಬುದ್ಧಿ ಮರೆಯಾಗುತ್ತದೆ. ಅವನು ಭಯದಿಂದ ಕೆತ್ತಿದ, ನೀವು ಯೋಚಿಸಿ ಬರೆದಿರಿ ಎಂಬಂತಾಗುತ್ತದೆ. ನೀವು ಆಫ್ರಿಕಾದಿಂದ ಪಡೆದದ್ದು ಭಯವನ್ನಲ್ಲ, ಯೋಚನೆಯನ್ನು. ಅದಕ್ಕೆ ಸಾಕ್ಷಿ ನಿಮ್ಮ ಸಂಗ್ರಹದಲ್ಲೇ ಇತ್ತು.

1912ರ ಆಗಸ್ಟಿನಲ್ಲಿ ನೀವೂ ಬ್ರಾಕ್ ಅವರೂ ಮಾರ್ಸೇಲ್ಸ್ ಬಂದರಿಗೆ ಹೋಗಿ ಆಫ್ರಿಕಾದ ಕೆತ್ತನೆಗಳನ್ನು ಕೊಂಡು ತಂದಿರಿ. ನಿಮ್ಮ ಬಳಿ ಗ್ರೆಬೊ ಮುಖವಾಡಗಳಿದ್ದವು. ಗ್ರೆಬೊ ಜನ ಲೈಬೀರಿಯಾ ಮತ್ತು ಐವರಿ ಕೋಸ್ಟ್ ಕರಾವಳಿಯವರು. ಅಂಥ ಮುಖವಾಡವೊಂದನ್ನು ಹತ್ತಿರದಿಂದ ನೋಡೋಣ. ಮುಖ ಎಂದರೆ ಒಂದು ಚಪ್ಪಟೆ ಹಲಗೆ. ಕೆನ್ನೆಯ ಉಬ್ಬಿಲ್ಲ, ಗಲ್ಲದ ದುಂಡಿಲ್ಲ. ಹಣೆಯಿಂದ ಇಳಿದ ಒಂದು ನೆಟ್ಟನೆ ಪಟ್ಟಿಯೇ ಮೂಗು. ಬಾಯಿ ಮುಂದಕ್ಕೆ ಚಾಚಿದ ಒಂದು ಆಯತ. ಕಣ್ಣು ಇರುವುದು ಗುಳಿಯಲ್ಲಿ ಎಂದು ನಮ್ಮ ಮುಖ ನಮಗೆ ಹೇಳುತ್ತದಲ್ಲವೆ? ಈ ಕೆತ್ತನೆಗಾರ ಗುಳಿ ಇರಬೇಕಾದ ಜಾಗದಿಂದ ಎರಡು ಮರದ ಕೊಳವೆಗಳನ್ನು ಮುಂದಕ್ಕೆ ನೂಕಿದ್ದಾನೆ. ತಗ್ಗಾಗಬೇಕಾದ್ದು ಉಬ್ಬಾಗಿದೆ. ಬಿಡಿಯಾಗಿ ನೋಡಿದರೆ ಕೊಳವೆ ಬರೀ ಕೊಳವೆ, ಪಟ್ಟಿ ಬರೀ ಪಟ್ಟಿ. ಹಲಗೆಯ ಮೇಲೆ ಅವುಗಳನ್ನು ಇಟ್ಟ ಜಾಗವೇ ಅವನ್ನು ಕಣ್ಣು, ಮೂಗು, ಬಾಯಿ ಮಾಡುತ್ತದೆ. ಮನುಷ್ಯನ ಕಣ್ಣನ್ನು ಅನುಕರಿಸದೆಯೇ ಮುಖವನ್ನು ಕಟ್ಟಬಹುದು ಎಂದು ಕಂಡುಕೊಂಡವನು ಎಂಥ ಚಿಂತಕನಿರಬೇಕು!

ಆ ವರ್ಷವೇ ನೀವು ರಟ್ಟು, ದಾರ, ತಂತಿಗಳಿಂದ ಒಂದು ಗಿಟಾರ್ ಕಟ್ಟಿದಿರಿ; ಆಮೇಲೆ 1914ರಲ್ಲಿ ಅದನ್ನೇ ತಗಡಿನಲ್ಲಿ ಮಾಡಿದಿರಿ. ಗಿಟಾರಿನ ಹೊಟ್ಟೆಯ ಮೇಲಿನ ತೂತು ನಿಮ್ಮ ಕೈಯಲ್ಲಿ ಹೊರಕ್ಕೆ ಚಾಚಿದ ಕೊಳವೆಯಾಯಿತು. ಇದು ಬಂದದ್ದು ಗ್ರೆಬೊ ಮುಖವಾಡದ ಕಣ್ಣಿನಿಂದ ಎಂದು ಬರೆದದ್ದು ನಿಮ್ಮ ವೈರಿಗಳಲ್ಲ, ನಿಮ್ಮ ಚಿತ್ರಗಳನ್ನು ಮಾರುತ್ತಿದ್ದ ಕಾನ್‌ವೈಲರ್. ಯುರೋಪಿನ ಶಿಲ್ಪಿ ಅಲ್ಲಿಯವರೆಗೆ ಕಲ್ಲನ್ನು ಕಡೆಯುತ್ತಿದ್ದ, ಮಣ್ಣನ್ನು ಮೆತ್ತುತ್ತಿದ್ದ. ಇಲ್ಲಿಂದ ಮುಂದೆ ತಗಡು, ಹಲಗೆ, ತಂತಿ ಸೇರಿಸಿ ಕಟ್ಟತೊಡಗಿದ. 1914ರಲ್ಲಿ ರಷ್ಯಾದ ತಾತ್ಲಿನ್ ಪ್ಯಾರಿಸ್ಸಿಗೆ ಬಂದು ನಿಮ್ಮ ಸ್ಟುಡಿಯೋ ನೋಡಿ, ಊರಿಗೆ ಮರಳಿ ತಮ್ಮ ಲೋಹ-ಮರದ ರಚನೆಗಳನ್ನು ಮಾಡಿದರು. ಗ್ರೆಬೊ ಹಳ್ಳಿಯೊಂದರ ಮರಗೆಲಸದವನ ಯೋಚನೆ ಎಷ್ಟು ದೂರ ಹೋಯಿತು ನೋಡಿ. ತಾತ್ಲಿನ್ ಹೆಸರು ನಮಗೆ ಗೊತ್ತು, ನಿಮ್ಮದು ಗೊತ್ತು, ಕಾನ್‌ವೈಲರ್ ಅವರದೂ ಗೊತ್ತು. ಮೊದಲು ಹೊಳೆದವನ ಹೆಸರನ್ನು ಕೊಂಡವರಾಗಲಿ ಮಾರಿದವರಾಗಲಿ ಬರೆದಿಟ್ಟುಕೊಳ್ಳಲಿಲ್ಲ.

ಪೆಸಿಫಿಕ್ ದ್ವೀಪಗಳ ಕಥೆಯೂ ಇದಕ್ಕಿಂತ ಬೇರೆಯಲ್ಲ. ರುರುಟು ದ್ವೀಪದ ಆಆ ಎಂಬ ಮೂರ್ತಿಯ ಕಂಚಿನ ಎರಕವೊಂದನ್ನು ನೀವು ಆಸೆಪಟ್ಟು ಮಾಡಿಸಿಕೊಂಡು ಹತ್ತಿರ ಇಟ್ಟುಕೊಂಡಿದ್ದಿರಿ. ಎಂಥ ಶಿಲ್ಪ ಅದು! ನಾಲ್ಕಡಿಗೆ ಸ್ವಲ್ಪ ಕಡಿಮೆ ಎತ್ತರದ ದೇವರ ಮೈಮೇಲೆ 30 ಪುಟ್ಟ ಮನುಷ್ಯರು ಹತ್ತಿ ಕೂತಿದ್ದಾರೆ. ಕಣ್ಣುಗಳ ಜಾಗದಲ್ಲಿ ಪುಟ್ಟ ದೇಹಗಳು, ಮೂಗಿನ ಜಾಗದಲ್ಲಿ, ಬಾಯಿಯ ಜಾಗದಲ್ಲಿಯೂ ಪುಟ್ಟ ದೇಹಗಳೇ. ಬೆನ್ನಿಗೆ ಮುಚ್ಚಳ, ಒಳಗೆ ಟೊಳ್ಳು. ಕ್ರೈಸ್ತ ಮತಕ್ಕೆ ಸೇರಿದ ರುರುಟು ಜನ 1821ರಲ್ಲಿ ಇದನ್ನು ಲಂಡನ್ ಮಿಷನರಿಗಳಿಗೆ ಒಪ್ಪಿಸಿದರು. ಮಿಷನರಿಗಳ ಪಾಲಿಗೆ ಅದು ಸೋತ ವಿಗ್ರಹ, ಗೆಲುವಿನ ಗುರುತು. 1911ರಲ್ಲಿ ಬ್ರಿಟಿಷ್ ಮ್ಯೂಸಿಯಂ ಪಾಲಿಗೆ ಸಂಗ್ರಹದ ವಸ್ತು. ಶಿಲ್ಪಿ ಹೆನ್ರಿ ಮೂರ್ ಅವರಿಗೂ ನಿಮಗೂ ಅದು ಶಿಲ್ಪ. ಜರ್ಮನಿಯ ಡ್ರೆಸ್‌ಡನ್ನಿನಲ್ಲಿ ಚಿತ್ರಕಾರ ಕಿರ್ಚ್‌ನರ್ ಪಲಾವು ದ್ವೀಪದ ಮನೆತೊಲೆಗಳ ಕೆತ್ತನೆ ನೋಡಿ ಕಲಿತರು. 1929ರಲ್ಲಿ ಸರ್ರಿಯಲಿಸ್ಟರು ಅಚ್ಚು ಹಾಕಿಸಿದ ಲೋಕದ ನಕ್ಷೆಯಲ್ಲಿ ಪೆಸಿಫಿಕ್ ದ್ವೀಪಗಳು ಖಂಡಗಳಷ್ಟು ದೊಡ್ಡವಾಗಿದ್ದವು. ಇಷ್ಟೆಲ್ಲ ಪ್ರೀತಿ ಇತ್ತು. ಆ ದ್ವೀಪಗಳಲ್ಲಿ ಆಗಲೂ ಬದುಕಿದ್ದ ಜನರನ್ನು ‘ನಿಮ್ಮ ಕಲೆಯ ಬಗ್ಗೆ ನೀವೇ ಹೇಳಿ’ ಎಂದು ಕೇಳುವಷ್ಟು ಮಾತ್ರ ಇರಲಿಲ್ಲ.

ಆ ಕಲಾವಿದರು ಹೆಸರನ್ನು ಬಯಸುತ್ತಲೇ ಇರಲಿಲ್ಲ, ಅವರದು ಸಮುದಾಯದ ಕಲೆ ಎಂಬ ಉತ್ತರ ನನಗೆ ಗೊತ್ತು. ನಾನು ಅದನ್ನು ನಂಬುವುದಿಲ್ಲ. ನಮ್ಮ ಬೇಲೂರಿನ ಮದನಿಕೆಯರ ಬುಡದಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣರ ಹೆಸರುಗಳಿವೆ, ಸೋಮನಾಥಪುರದ ಗೋಡೆಗಳ ಮೇಲೆ ಮಲ್ಲಿತಮ್ಮನ ಹೆಸರಿದೆ. ದೇವರಿಗಾಗಿ ಕೆತ್ತಿದವರು ತಮ್ಮ ಹೆಸರನ್ನು ಮರೆಯಲಿಲ್ಲ. ಆಫ್ರಿಕಾದಲ್ಲಿ ಕಲ್ಲಿನ ಮೇಲೆ ಬರೆಯದಿದ್ದರೂ ಊರವರ ಬಾಯಲ್ಲಿ ಹೆಸರುಗಳಿದ್ದವು. ನೀವು ‘ತರುಣಿಯರು’ ಚಿತ್ರವನ್ನು ಮಾಡುತ್ತಿದ್ದ ಕಾಲಕ್ಕೇ ನೈಜೀರಿಯಾದ ಯೊರುಬಾ ನಾಡಿನಲ್ಲಿ ಇಸೆ ಊರಿನ ಒಲೊವೆ ಬದುಕಿದ್ದ. ಅವನನ್ನು ತಮ್ಮಲ್ಲಿಗೆ ಕರೆಸಿಕೊಳ್ಳಲು ಯೊರುಬಾ ಅರಸರು ಕಾಯುತ್ತಿದ್ದರು. ಇಕೆರೆಯ ಅರಮನೆಗೆ ಅವನು ಕೆತ್ತಿಕೊಟ್ಟ ಬಾಗಿಲುಗಳು 1924ರಲ್ಲಿ ಲಂಡನ್ನಿನ ವೆಂಬ್ಲಿಯ ಸಾಮ್ರಾಜ್ಯ ಪ್ರದರ್ಶನಕ್ಕೆ ಬಂದವು. ಬ್ರಿಟಿಷ್ ಮ್ಯೂಸಿಯಂ ಅರಸನಿಗೊಂದು ಸಿಂಹಾಸನ ಮಾಡಿಸಿಕೊಟ್ಟು ಬದಲಿಗೆ ಬಾಗಿಲುಗಳನ್ನು ಇಟ್ಟುಕೊಂಡಿತು. ಒಲೊವೆ ತೀರಿಕೊಂಡದ್ದು 1938ರಲ್ಲಿ. ಯುರೋಪಿನ ಯಾವ ಪತ್ರಿಕೆಯಾದರೂ ಅವನ ಹತ್ತಿರ ಹೋಗಿ, ಪಿಕಾಸೊ ಅವರ ಕಲೆಯ ಬಗ್ಗೆ ನಿಮ್ಮ ಅಭಿಪ್ರಾಯವೇನು ಎಂದು ಕೇಳಬಹುದಿತ್ತು.

ಕೇಳುವ ಬದಲು ನಡೆದದ್ದೇನು ಎಂಬುದನ್ನು ನಿಮ್ಮ ಆಪ್ತ ಗೆಳೆಯ ಮಿಶೆಲ್ ಲೆಯ್ರಿಸ್ ಮುಚ್ಚಿಡದೆ ಬರೆದರು. 1931ರಿಂದ 33ರವರೆಗೆ ಡಕಾರ್‌ನಿಂದ ಜಿಬೂತಿಯವರೆಗೆ ಸರ್ಕಾರದ ಬೆಂಬಲದ ತಂಡವೊಂದು ಟ್ರೊಕಾಡೆರೊ ಮ್ಯೂಸಿಯಮ್ಮಿಗಾಗಿ ವಸ್ತು ಸಂಗ್ರಹಿಸುತ್ತ ಹೋಯಿತು. ಲೆಯ್ರಿಸ್ ಅದರ ಕಾರ್ಯದರ್ಶಿ. ಇಂದಿನ ಮಾಲಿ ದೇಶದ ಕೆಮೆನಿ ಎಂಬ ಹಳ್ಳಿಯಲ್ಲಿ ಕೊನೊ ಎಂಬ ಪವಿತ್ರ ವಸ್ತು ಇತ್ತು. ಕೊಡುವುದಿಲ್ಲ ಎಂದ ಊರವರಿಗೆ ಪೊಲೀಸರ ಹೆಸರು ಹೇಳಿ ಹೆದರಿಸಿ, ಕೈಗೆ ಹತ್ತು ಫ್ರಾಂಕ್ ತುರುಕಿ, ಅದನ್ನು ಸುತ್ತಿಕೊಂಡು ಕಾರು ಹತ್ತಿದರು. 1934ರಲ್ಲಿ ‘ಲಾಫ್ರಿಕ್ ಫಾಂಟೋಮ್’ ಪುಸ್ತಕದಲ್ಲಿ ಲೆಯ್ರಿಸ್ ಇದನ್ನು ಬಯಲಿಗಿಟ್ಟಾಗ ತಂಡದ ಮುಖ್ಯಸ್ಥ ಗ್ರಿಯೋಲ್ ಸಿಟ್ಟಾದರು. ಅವರಿಗೆ ಕೊನೊ ತಂದದ್ದು ಸರಿ, ಬರೆದದ್ದು ತಪ್ಪು. ಲೆಯ್ರಿಸ್ ಅವರ ಈ ಪ್ರಾಮಾಣಿಕತೆಯ ಕಾಲುಭಾಗವಾದರೂ ನಿಮ್ಮಲ್ಲಿದ್ದರೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ದಕ್ಷಿಣ ಆಫ್ರಿಕಾದ ಅರ್ನೆಸ್ಟ್ ಮಂಕೊಬಾ ಅವರ ಬಗ್ಗೆಯೂ ನಿಮಗೆ ಹೇಳಬೇಕು. ನಿಮಗಿಂತ 23 ವರ್ಷ ಚಿಕ್ಕವರು, ಶಿಲ್ಪಿ. ಪ್ರವಾಸಿಗರಿಗೆ ಮಾರುವ ‘ಸ್ಥಳೀಯ’ ಗೊಂಬೆಗಳನ್ನು ಕೆತ್ತುವ ಸರ್ಕಾರಿ ಕೆಲಸಕ್ಕೆ ಕರೆದಾಗ ಒಲ್ಲೆ ಎಂದವರು. ತಮ್ಮದೇ ಖಂಡದ ಪ್ರಾಚೀನ ಶಿಲ್ಪವೈಭವ ಅವರಿಗೆ ಮೊದಲು ಸಿಕ್ಕಿದ್ದು ಕೇಪ್‌ಟೌನಿನ ಗ್ರಂಥಾಲಯದಲ್ಲಿ, ಪ್ಯಾರಿಸ್ಸಿನ ವ್ಯಾಪಾರಿ ಪೌಲ್ ಗಿಯೋಮ್ ಇನ್ನೊಬ್ಬರ ಜೊತೆ ಸೇರಿ ಬರೆದ ಪುಸ್ತಕದ ಚಿತ್ರಗಳಲ್ಲಿ. ಮೂಲಶಿಲ್ಪಗಳು ಇರುವಲ್ಲಿಗೇ ಹೋಗಬೇಕೆಂದು 1938ರಲ್ಲಿ ಹಡಗು ಹತ್ತಿ ಯುರೋಪಿಗೆ ಬಂದರು. ಆಫ್ರಿಕಾದ ಕಲಾವಿದ ಆಫ್ರಿಕಾದ ಶಿಲ್ಪವನ್ನು ನೋಡಲು ಪ್ಯಾರಿಸ್ಸಿಗೆ ಬರಬೇಕಾಯಿತು, ಪಿಕಾಸೊ ಅವರೇ. ‘ಪ್ರಭಾವ’ದ ಬಗ್ಗೆ ಬರೆದ ಎಷ್ಟು ಪುಸ್ತಕಗಳು ಈ ಹಡಗಿನ ಪ್ರಯಾಣವನ್ನು ಲೆಕ್ಕಕ್ಕೆ ಹಿಡಿದಿವೆ?

ನೀವು ಹೋದ ಮೇಲಿನ ಸುದ್ದಿಗೆ ಬರುತ್ತೇನೆ. 1984ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ನಿಮ್ಮ ಕಾಲದ ಚಿತ್ರ-ಶಿಲ್ಪಗಳ ಪಕ್ಕದಲ್ಲಿ ಆಫ್ರಿಕಾ, ಪೆಸಿಫಿಕ್‌ಗಳ ಕೆಲಸಗಳನ್ನಿಟ್ಟು ಭಾರಿ ಪ್ರದರ್ಶನ ನಡೆಸಿತು. ನಿಮ್ಮ ಕೆಲಸಕ್ಕೆ ಇಸವಿ ಇತ್ತು, ಅವರದಕ್ಕೆ ಇರಲಿಲ್ಲ. ಅವು ಏಕೆ, ಯಾರಿಗಾಗಿ ಆದವು ಎಂಬ ವಿವರವೂ ಇರಲಿಲ್ಲ. ಥಾಮಸ್ ಮೆಕೆವಿಲಿ ಎಂಬ ವಿಮರ್ಶಕರು ಇದನ್ನು ಖಂಡಿಸಿ ಬರೆದ ಮೇಲೆ ವರ್ಷಗಟ್ಟಲೆ ಜಗಳ ನಡೆಯಿತು. 1920ರಲ್ಲಿ, ನೀವು ಗೊತ್ತಿಲ್ಲ ಎಂದ ಅದೇ ವರ್ಷ, ವಿಮರ್ಶಕ ಫೆಲಿಕ್ಸ್ ಫೆನೆಯೋಂ ಈ ಕಲೆಗೆ ಲೂವ್ರ್‌ನಲ್ಲಿ ಜಾಗ ಸಿಗುವುದೇ ಎಂದು ಹಲವರನ್ನು ಕೇಳಿದ್ದರಲ್ಲ, ಅದು ಆಗಲು 2000ದವರೆಗೆ ಕಾಯಬೇಕಾಯಿತು. ಲೂವ್ರ್‌ನ ಒಂದು ಭಾಗದಲ್ಲಿ ನೂರಕ್ಕೂ ಹೆಚ್ಚು ಕೃತಿಗಳನ್ನು ಇಟ್ಟರು. ಅಕಾಟಿಯ ಗೂ ಅಲ್ಲಿಗೆ ಬಂತು.

2018ರಲ್ಲಿ ಸೆನೆಗಲ್‌ನ ಫೆಲ್ವಿನ್ ಸಾರ್, ಫ್ರಾನ್ಸಿನ ಬೆನೆಡಿಕ್ಟ್ ಸವೋಯಾ ಸೇರಿ ಆಫ್ರಿಕಾದ ವಸ್ತುಗಳನ್ನು ಮರಳಿಸುವ ಬಗ್ಗೆ ಫ್ರಾನ್ಸಿನ ಅಧ್ಯಕ್ಷರಿಗೆ ವರದಿ ಕೊಟ್ಟರು. ಸಹಾರಾದ ಕೆಳಗಿನ ಆಫ್ರಿಕಾದ ಸುಮಾರು 90,000 ವಸ್ತುಗಳು ಫ್ರಾನ್ಸಿನ ಸಾರ್ವಜನಿಕ ಸಂಗ್ರಹಗಳಲ್ಲಿವೆ ಎಂಬುದು ಅದರಲ್ಲಿನ ಲೆಕ್ಕ. 2020ರ ಡಿಸೆಂಬರಿನಲ್ಲಿ ಕೆಲವನ್ನು ಮರಳಿಸುವ ಕಾಯ್ದೆ ಆಯಿತು. 2021ರ ನವೆಂಬರಿನಲ್ಲಿ ಡಾಡ್ಸ್ ಲೂಟಿಯ 26 ಕೃತಿಗಳು ವಿಮಾನದಲ್ಲಿ ಬೆನಿನ್‌ನ ಕೊಟೊನೂ ನಗರ ಮುಟ್ಟಿದವು. ಶಾರ್ಕ್ ಮೀನಿನ ತಲೆಯ ರಾಜ ಬೆಹಾಂಜಿನ್‌ನ ಪ್ರತಿಮೆ ಅವುಗಳಲ್ಲೊಂದು. ಕೆತ್ತಿದವನು ಸೊಸ್ಸಾ ಡೆಡೆ ಎಂದು ಗುರುತಿಸಿದ್ದಾರೆ. ಮರುವರ್ಷ ಅಲ್ಲಿನ ಅಧ್ಯಕ್ಷರ ಅರಮನೆಯಲ್ಲಿ ಈ ಕೃತಿಗಳನ್ನು ಬೆನಿನ್‌ನ ಇಂದಿನ ಕಲಾವಿದರ ಕೃತಿಗಳ ಜೊತೆಗೇ ಇಟ್ಟಾಗ ನೋಡಲು ಲಕ್ಷಕ್ಕೂ ಹೆಚ್ಚು ಜನ ಬಂದರು. ಮನೆಗೆ ಮರಳಿದ ಪ್ರತಿಮೆಗಳು ತಮ್ಮ ಮುಂದಿನ ತಲೆಮಾರಿನ ಕಲಾವಿದರ ಪಕ್ಕ ನಿಂತವು ಎಂಬುದು ನನಗೆ ಈ ಇಡೀ ಕಥೆಯಲ್ಲೇ ಅತ್ಯಂತ ಸಂತೋಷದ ಸಂಗತಿ. ಗೂ ಮಾತ್ರ ಆ 26ರಲ್ಲಿ ಇರಲಿಲ್ಲ. ಬೆನಿನ್ ಅದನ್ನೂ ಕೇಳಿದೆ.

ನೀವು ಬದುಕಿದ್ದಾಗಲೇ, 1972ರಲ್ಲಿ, ಡಕಾರ್‌ನಲ್ಲಿ ಸೆನೆಗಲ್ ಅಧ್ಯಕ್ಷ ಸೆಂಗೋರ್ ನಿಮ್ಮ ಚಿತ್ರಗಳ ಪ್ರದರ್ಶನ ಏರ್ಪಡಿಸಿ ನಿಮ್ಮ ಕಲೆಯನ್ನು ಸಂಭ್ರಮದಿಂದ ಬರಮಾಡಿಕೊಂಡರು. ಆಫ್ರಿಕಾ ನಿಮ್ಮನ್ನು ಗೊತ್ತಿಲ್ಲ ಎನ್ನಲಿಲ್ಲ. ಆದ್ದರಿಂದ ಪ್ಯಾರಿಸ್ಸಿನಲ್ಲಿ ನಿಮ್ಮ ಹೆಸರಿನ ಮ್ಯೂಸಿಯಂ ನಡೆಸುವವರನ್ನು, ಆ ತಗಡಿನ ಗಿಟಾರನ್ನು ಇಟ್ಟುಕೊಂಡಿರುವ ನ್ಯೂಯಾರ್ಕಿನವರನ್ನು ಈ ಪತ್ರದ ಮೂಲಕ ಕೇಳಿಕೊಳ್ಳುತ್ತೇನೆ: ಪಿಕಾಸೊ ಅವರ ಕೃತಿಯ ಪಕ್ಕದ ಫಲಕದಲ್ಲಿ ಗ್ರೆಬೊ ಮುಖವಾಡದ ಚಿತ್ರ ಹಾಕಿ, ಅದನ್ನು ಯಾವ ಊರಿನಲ್ಲಿ ಕೆತ್ತಿದರು, ಮಾರ್ಸೇಲ್ಸ್‌ಗೆ ಯಾವ ದಾರಿಯಲ್ಲಿ ಬಂತು, ಯಾರು ಮಾರಿದರು, ಪಿಕಾಸೊ ಎಷ್ಟಕ್ಕೆ ಕೊಂಡರು ಎಂದು ಸಿಕ್ಕಷ್ಟನ್ನೂ ಅಚ್ಚು ಹಾಕಿ. ಲೈಬೀರಿಯಾದ, ಐವರಿ ಕೋಸ್ಟಿನ ವಿದ್ವಾಂಸರನ್ನು ಕರೆಸಿ, ಸಂಬಳ ಕೊಟ್ಟು, ಹುಡುಕುವ ಕೆಲಸ ಅವರಿಗೇ ಒಪ್ಪಿಸಿ. ಪಿಕಾಸೊ ಅವರೇ, ನಿಮ್ಮ ಕೃತಿಗಳ ವಿಷಯದಲ್ಲಿ ಯಾವ ಕಾಗದದ ಚೂರು ಯಾವ ದಿನದ ಪತ್ರಿಕೆಯಿಂದ ಕತ್ತರಿಸಿದ್ದು ಎಂಬುದನ್ನು ಸಹ ಪಂಡಿತರು ಪತ್ತೆಮಾಡಿದ್ದಾರೆ. ಅಷ್ಟೇ ತಾಳ್ಮೆಯಿಂದ ಆ ಗ್ರೆಬೊ ಕೆತ್ತನೆಗಾರನನ್ನೂ ಹುಡುಕಲಿ.

ಇಂತಿ,
ನಿಮ್ಮ ಚಿತ್ರಗಳನ್ನು ಪ್ರೀತಿಸುವ ಕನ್ನಡಿಗ